ಕಣ್ಣೊಳಗೆ ನೀರು, ಕಾರಣ ಮೂಗಿನಲ್ಲಿ

“ನೋಡೋದರ ನಟ್ಟನಡುವೆ ಚಹಾ ಕಲೆ ಬಿದ್ದಂಗಿದೆ ಡಾಕ್ಟ್ರೇ” ಎಂದರು. 38 ವರ್ಷ, ರಾತ್ರಿ ಪಾಳಿಯ ಕೆಲಸ. ಎಡಗಣ್ಣಿಗೆ ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತಿತ್ತು. ಆ ಕಣ್ಣಿಗೆ ಸಣ್ಣ ಪ್ಲಸ್ ಗಾಜು ಹಿಡಿದೆ, ಇನ್ನೊಂದು ಸಾಲು ಓದಿದರು. ಕಣ್ಣಿನ ಹಿಂಭಾಗದಲ್ಲಿ ಬೆಳಕು ಹಿಡಿಯುವ ಪದರವಾದ ರೆಟಿನಾ ಮುಂದಕ್ಕೆ ಉಬ್ಬಿದ್ದರೆ ಹೀಗಾಗುತ್ತದೆ.

ರೆಟಿನಾದ ಪದರಗಳನ್ನು ತೋರಿಸುವ ಓಸಿಟಿ ಸ್ಕ್ಯಾನಿನಲ್ಲಿ, ಅದರ ನಟ್ಟನಡುವಿನ ಭಾಗವಾದ ಮ್ಯಾಕ್ಯುಲಾ ಹಪ್ಪಳದಂತೆ ಎದ್ದಿತ್ತು, ಅಡಿಯಲ್ಲಿ ನೀರು. ಸಿಎಸ್‌ಆರ್, ಅಂದರೆ ಸೆಂಟ್ರಲ್ ಸೀರಸ್ ರೆಟಿನೋಪತಿ. ರೆಟಿನಾದ ಹಿಂದಿರುವ ಕೋರಾಯ್ಡ್ ಪದರ ಊದಿಕೊಂಡು, ನಡುವಿನ ಪಿಗ್ಮೆಂಟ್ ಪದರ ಸೋರತೊಡಗಿದಾಗ ಬರುವ ತೊಂದರೆ.

ಸ್ಟೀರಾಯ್ಡ್ ಇದನ್ನು ತರಬಹುದು, ಇದ್ದುದನ್ನು ಹೆಚ್ಚಿಸಲೂಬಹುದು. ಅದಕ್ಕೇ ಸ್ಟೀರಾಯ್ಡ್ ಏನಾದರೂ ತಗೊಳ್ತೀರಾ ಎಂದು ಮೂರು ಸಲ ಕೇಳಿದೆ. ಇಲ್ಲ, ಇಲ್ಲ, ಇಲ್ಲ. ಕೊನೆಗೆ ಪಕ್ಕದಲ್ಲಿದ್ದ ಹೆಂಡತಿ, “ರೀ, ದಿನಾ ಮೂಗಿಗೆ ಹೊಡ್ಕೊತೀರಲ್ಲ, ಅದು?” ಎಂದರು. ಅಲರ್ಜಿಯ ಸ್ಪ್ರೇ. ಅದೂ ಸ್ಟೀರಾಯ್ಡೇ. ಈಗ ನಾನು “ಔಷಧಿ” ಎಂಬ ಪದವನ್ನೇ ಬಿಟ್ಟಿದ್ದೇನೆ: ಸ್ಪ್ರೇ, ಇನ್ಹೇಲರ್, ಮುಖದ ಕ್ರೀಮ್, ಮಂಡಿಗೆ ಹಾಕಿಸಿದ ಇಂಜೆಕ್ಷನ್, ಹೆಸರಿಲ್ಲದ ಪುಡಿ ಎಂದು ಒಂದೊಂದಾಗಿ ಕೇಳುತ್ತೇನೆ. ಬರೆದುಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದೂ ಹೇಳುತ್ತೇನೆ. ಬಹಳ ದಿನ ನುಂಗಿದ ಸ್ಟೀರಾಯ್ಡ್ ಮಾತ್ರೆಯನ್ನು ದಿಢೀರನೆ ಬಿಟ್ಟರೆ ಅಪಾಯ. ಇವರ ಸ್ಪ್ರೇಯನ್ನು ಇಎನ್‌ಟಿ ವೈದ್ಯರೇ ಬದಲಿಸಿದರು.

ಆಮೇಲೆ? ಕಾಯುವುದು. ಹೊಸದಾಗಿ ಬಂದ ಸಿಎಸ್‌ಆರ್ ಹೆಚ್ಚಿನವರಲ್ಲಿ ಮೂರು–ನಾಲ್ಕು ತಿಂಗಳಲ್ಲಿ ತಾನೇ ಇಳಿಯುತ್ತದೆ. “ಇಷ್ಟು ದುಡ್ಡು ಕೊಟ್ಟು ಸ್ಕ್ಯಾನ್ ಮಾಡಿಸಿದ್ದು ಕಾಯೋಕಾ ಸಾರ್?” ಎಂದು ರೇಗಿದರು. ಮೊದಲಾದರೆ ಬಿಪಿ, ಹೃದಯದ ತೊಂದರೆಗೆ ಕೊಡುವ ಎಪ್ಲೆರೆನೋನ್ ಮಾತ್ರೆ ಬರೆದು ಕಳಿಸುತ್ತಿದ್ದೆ, ಅವರಿಗೂ ಸಮಾಧಾನ, ನನಗೂ. 2020ರಲ್ಲಿ ಬ್ರಿಟನ್ನಿನ ವಿಐಸಿಐ ಅಧ್ಯಯನ, ದೀರ್ಘಕಾಲದ ಸಿಎಸ್‌ಆರ್‌ನಲ್ಲೂ ಅದು ಹುಸಿಮಾತ್ರೆಗಿಂತ ಮೇಲಲ್ಲ ಎಂದು ತೋರಿಸಿತು. ಆ ಚೀಟಿ ಅಲ್ಲಿಗೆ ನಿಂತಿತು. ಚೌಕುಳಿ ಹಾಳೆ ಕೊಟ್ಟು, ಒಂದೊಂದೇ ಕಣ್ಣು ಮುಚ್ಚಿ ಗೆರೆ ನೋಡಿ, ನಿದ್ದೆ ಸರಿಮಾಡಿಕೊಳ್ಳಿ ಎಂದು ಕಳಿಸಿದೆ.

ನೀರು ಹಾಗೇ ಉಳಿದರೆ ನನ್ನ ಮೊದಲ ಆಯ್ಕೆ ಅರ್ಧ ಡೋಸಿನ ಪಿಡಿಟಿ (ಫೋಟೋಡೈನಾಮಿಕ್ ಥೆರಪಿ). ತೋಳಿನ ರಕ್ತನಾಳಕ್ಕೆ, ಬೆಳಕು ತಾಗಿದಾಗ ಕೆಲಸ ಮಾಡುವ ವರ್ಟೆಪೋರ್ಫಿನ್ ಔಷಧಿ ಹಾಕಿ, ಸೋರುವ ಜಾಗಕ್ಕೆ ತಣ್ಣನೆಯ ಲೇಸರ್ ಬೆಳಕು ಬಿಡುವ ಚಿಕಿತ್ಸೆ. ಆ ಔಷಧಿ ಸಿಗುವುದೇ ಕಷ್ಟವಾದಾಗ ಬೆಳಕನ್ನು ಚಿಕ್ಕ ಚಿಕ್ಕ ಮಿಡಿತಗಳಲ್ಲಿ ಬಿಡುವ ಮೈಕ್ರೋಪಲ್ಸ್ ಲೇಸರ್ ಮಾಡಿದ್ದೇನೆ, ಫಲಿತಾಂಶ ಅಷ್ಟಕ್ಕಷ್ಟೆ. ಸಕ್ಕರೆ ಕಾಯಿಲೆಯಿಂದ ಮ್ಯಾಕ್ಯುಲಾದ ನಡುವೆ ನೀರು ತುಂಬಿ ದೃಷ್ಟಿ ಇಳಿದಿದ್ದರೆ ಮಾತ್ರ ಹೀಗೆ ತಿಂಗಳುಗಟ್ಟಲೆ ಕೂರುವುದಿಲ್ಲ, ಕಣ್ಣಿಗೇ ಇಂಜೆಕ್ಷನ್ ಶುರುಮಾಡುತ್ತೇನೆ.

ಇವರಿಗೆ ಆರನೇ ವಾರ ನೀರು ಇದ್ದಷ್ಟೇ ಇತ್ತು. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಹದಿನಾಲ್ಕನೇ ವಾರ ಸ್ಕ್ಯಾನ್ ಸಪಾಟು. ಚೌಕಟ್ಟು ನೆಟ್ಟಗಾಗಿದೆ, ಕೆಂಪು ಬಣ್ಣ ಮಾತ್ರ ಎಡಗಣ್ಣಿಗೆ ಇನ್ನೂ ಕೊಂಚ ಮಾಸಿದಂತೆ ಕಾಣುತ್ತದಂತೆ.