ಕೈ ಇಡುವ ಮುಂಚೆ ಕಾಲು ನೋಡುತ್ತೇನೆ

ಹೆರಿಗೆಯಾಗಿ 11ನೇ ದಿನ ಅದು. ಹಂಡೆಯಲ್ಲಿ ನೀರು ಕಾದಿತ್ತು, ಹರಳೆಣ್ಣೆ ಬೆಚ್ಚಗಾಗಿತ್ತು, ಬಾಣಂತಿ ಮಣೆ ಮೇಲೆ ಕಾಲು ಚಾಚಿ ಕೂತಿದ್ದಳು. ಎರಡೂ ಮೀನಖಂಡ ನೋಡಿದೆ. ಎಡಗಡೆಯದು ಸ್ವಲ್ಪ ದಪ್ಪ ಇತ್ತು, ಚರ್ಮ ಬಿಗಿದುಕೊಂಡು ಮಿಂಚುತ್ತಿತ್ತು. ಕೈಯ ಹಿಂಭಾಗ ತಾಗಿಸಿದರೆ ಆ ಕಾಲು ಮಾತ್ರ ಬಿಸಿ. "ಎರಡು ದಿನದಿಂದ ಜಗ್ಗಿದ ಹಾಗೆ ನೋಯ್ತಿದೆ ಅಕ್ಕ, ಅಲ್ಲೇ ಚೆನ್ನಾಗಿ ತಿಕ್ಕಿ" ಅಂದಳು.

ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟೆ. ಚೀಲದಿಂದ ಟೈಲರ್ ಟೇಪ್ ತೆಗೆದೆ. ಮಂಡಿಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಕಾಲಿನ ಸುತ್ತಳತೆ ತೆಗೆದರೆ, ಎಡಗಾಲು 4 ಸೆಂಟಿಮೀಟರ್ ಜಾಸ್ತಿ. 3 ದಾಟಿದರೆ ಅನುಮಾನ ಪಡಬೇಕು ಅಂತ ನನಗೆ ಕಲಿಸಿದವರು ಒಬ್ಬ ಫಿಸಿಯೋಥೆರಪಿಸ್ಟ್. ನಾನು ಮೊದಲು ಕೆಲಸಕ್ಕಿದ್ದ ಪಂಚಕರ್ಮ ಕೇಂದ್ರಕ್ಕೆ ಅವರು ಬರುತ್ತಿದ್ದರು.

ಅತ್ತೆಯವರಿಗೆ ಕೋಪ ಬಂತು. "ಹೆತ್ತ ಮೇಲೆ ಕಾಲು ಊದದೆ ಇರುತ್ತಾ? ನಮಗೆಲ್ಲ ಊದಿರಲಿಲ್ವೇನಮ್ಮ? ತಿಕ್ಕಿದ್ರೆ ಇಳಿಯುತ್ತೆ."

"ಎರಡೂ ಒಂದೇ ಸಮ ಊದಿದ್ರೆ ಇಷ್ಟು ಹೆದರ್ತಿರಲಿಲ್ಲ ಅಮ್ಮ. ಒಂದೇ ಕಾಲು ಊದಿದೆ, ಬಿಸಿ ಇದೆ, ನೋವಿದೆ. ನಾನು ಮುಟ್ಟಲ್ಲ. ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಮಗ ಆಟೋ ತಂದ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಗೊತ್ತಾಯಿತು, ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು.

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಬಾಣಂತಿಗೆ ಎಣ್ಣೆ ನೀರು ಹಾಕದ ಮನೆ ಕಮ್ಮಿ. ಬಸುರಿಯಾದಾಗ ಹೆಣ್ಣಿನ ರಕ್ತ ಬೇಗ ಹೆಪ್ಪುಗಟ್ಟುವ ಗುಣ ಪಡೆಯುತ್ತದೆ. ಹೆರಿಗೆಯಲ್ಲಿ ರಕ್ತ ಸುರಿದು ಹೋಗದಿರಲಿ ಅಂತ ದೇಹವೇ ಮಾಡಿಕೊಳ್ಳುವ ಏರ್ಪಾಟು ಅದು. ಹೆರಿಗೆಯಾದ ಮೇಲೂ ಸುಮಾರು 6 ವಾರ ಆ ಅಪಾಯ ಜಾಸ್ತಿಯೇ ಇರುತ್ತದೆ. ಸಿಸೇರಿಯನ್ ಆಗಿ, ಮೇಲೆ ಏಳದೆ ಮಲಗಿಯೇ ಇದ್ದರೆ ಇನ್ನೂ ಜಾಸ್ತಿ. ನಾವು ಎಣ್ಣೆ ತಿಕ್ಕುವುದೂ ಸರಿಯಾಗಿ ಅದೇ ದಿನಗಳಲ್ಲಿ. ಹೆಪ್ಪಿರುವ ಕಾಲನ್ನು ಒತ್ತಿ ಮೇಲಕ್ಕೆ ನೀವಿದರೆ ಅದು ಕಿತ್ತುಕೊಂಡು ಶ್ವಾಸಕೋಶಕ್ಕೆ ಹೋಗಬಹುದು. ಪ್ರಾಣವೇ ಹೋಗಬಹುದು. ಎರಡೂ ಕಾಲು ಊದಿದ್ದರೂ ತಲೆನೋವು ಇದೆಯಾ, ಕಣ್ಣು ಮಂಜಾಗುತ್ತಿದೆಯಾ ಅಂತ ಕೇಳುತ್ತೇನೆ. ಹೌದು ಅಂದರೆ ಅವತ್ತೇ ಬಿಪಿ ನೋಡಿಸಬೇಕು. ಹೆರಿಗೆಯಾದ ಮೇಲೂ ಬಿಪಿ ಏರಿ ಫಿಟ್ಸ್ ಬರುವುದುಂಟು.

ನನಗೆ ಈ ಕೆಲಸ ಬಂದಿದ್ದು ದೊಡ್ಡಮ್ಮನಿಂದ. ಅವರ ಕೈಯಲ್ಲಿ ಅಷ್ಟು ಬಲ ಇತ್ತು, ಅಷ್ಟೇ ಹದ ಇತ್ತು. ಆದರೆ ದೊಡ್ಡಮ್ಮ ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಬಂದವರಿಗೆಲ್ಲ ತಿಕ್ಕುವುದೇ. ಕೇಳುವುದನ್ನು ನಾನು ಕಲಿತದ್ದು ನನ್ನದೇ ಒಂದು ತಪ್ಪಿನಿಂದ.

ಕೇಂದ್ರಕ್ಕೆ ಸೇರಿದ ಎರಡನೇ ವರ್ಷ. ನಿವೃತ್ತ ಮೇಷ್ಟ್ರೊಬ್ಬರು ಪಾದ ಉರಿ ಅಂತ ಬಂದಿದ್ದರು. ಸಕ್ಕರೆ ಕಾಯಿಲೆ ಇದೆ ಅಂತ ಚೀಟಿಯಲ್ಲಿ ಬರೆದಿತ್ತು, ನಾನು ಓದಿರಲಿಲ್ಲ. ಎಣ್ಣೆ ಬಿಸಿ ಇದೆಯಾ ಸರ್ ಅಂದೆ. "ಇಲ್ಲಮ್ಮ, ಇನ್ನೂ ಬಿಸಿ ಮಾಡು" ಅಂದರು. ಮಾಡಿದೆ. ಮಾರನೇ ದಿನ ಅಂಗಾಲಲ್ಲಿ ಬೊಬ್ಬೆ ಎದ್ದಿತ್ತು. ಅವರಿಗೆ ಅದು ಗೊತ್ತೇ ಆಗಿರಲಿಲ್ಲ, ಮಗಳು ನೋಡಿ ಹೇಳಿದ್ದು. ಉರಿ ಇರುವ ಪಾದಕ್ಕೇ ಬಿಸಿ ತಿಳಿಯದೆ ಹೋಗಬಹುದು, ಸಕ್ಕರೆ ಕಾಯಿಲೆ ನರಗಳನ್ನು ಹಾಗೆ ಹಾಳು ಮಾಡುತ್ತದೆ. ಆ ಗಾಯ ಒಣಗಲು ಒಂದೂವರೆ ತಿಂಗಳು ಹಿಡಿಯಿತು. ಪ್ರತಿ ವಾರ ಹೋಗಿ ನೋಡಿ ಬರುತ್ತಿದ್ದೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ, ಅದೇ ನನಗೆ ತಡೆಯಲಾಗಲಿಲ್ಲ.

ಈಗ ಸಕ್ಕರೆ ಕಾಯಿಲೆಯವರು ಬಂದರೆ ಮೊದಲು ಕಣ್ಣು ಮುಚ್ಚಿಸುತ್ತೇನೆ. ಹತ್ತಿಯ ಎಳೆಯಿಂದ ಒಂದೊಂದೇ ಬೆರಳು ಸವರಿ, "ಯಾವ ಬೆರಳು ಹೇಳಿ" ಅನ್ನುತ್ತೇನೆ. ಹೇಳಲಾಗದಿದ್ದರೆ ಆ ಪಾದಕ್ಕೆ ಬಿಸಿ ಎಣ್ಣೆ ಇಲ್ಲ, ಗಟ್ಟಿ ಒತ್ತಡವೂ ಇಲ್ಲ. ಎಣ್ಣೆ ಬಿಸಿಯನ್ನು ನನ್ನ ಮಣಿಕಟ್ಟಿನ ಮೇಲೆ ನೋಡುತ್ತೇನೆ, ಅವರನ್ನು ಕೇಳುವುದಿಲ್ಲ. ಬೆರಳ ಸಂದಿ ಬಿಡಿಸಿ ಗಾಯ, ಬಿರುಕು ನೋಡುತ್ತೇನೆ. ಇನ್ಸುಲಿನ್ ತಗೊಳ್ಳುವವರಾದರೆ ಚುಚ್ಚಿದ ಜಾಗವನ್ನು ಅವತ್ತು ಮುಟ್ಟುವುದಿಲ್ಲ. ಅಲ್ಲಿ ತಿಕ್ಕಿದರೆ ಇನ್ಸುಲಿನ್ ಬೇಗ ರಕ್ತಕ್ಕೆ ಇಳಿದು ಸಕ್ಕರೆ ಥಟ್ಟನೆ ಕಮ್ಮಿಯಾಗಬಹುದು.

ಬೇರೆ ಕಾಯಿಲೆಗಳ ಲೆಕ್ಕವೂ ಒಂದು ಹಳೇ ನೋಟ್‌ಬುಕ್‌ನಲ್ಲಿದೆ. ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳುವಾಗುವ ಮಾತ್ರೆ ನುಂಗುವವರಿಗೆ ಸ್ವಲ್ಪ ಜೋರಾಗಿ ಒತ್ತಿದರೂ ನೀಲಿಗಟ್ಟುತ್ತದೆ. ಸ್ತನ ಕ್ಯಾನ್ಸರ್ ಆಪರೇಷನ್ ಆಗಿ ತೋಳು ಊದಿದ್ದರೆ ನಮ್ಮ ಮಾಮೂಲಿ ಮಸಾಜ್ ಬೇಡ. ಅದಕ್ಕೆ ಚರ್ಮವನ್ನು ಮೆಲ್ಲಗೆ ಸರಿಸುವ ಬೇರೆ ವಿಧಾನವಿದೆ, ತರಬೇತಿ ಇರುವವರೇ ಮಾಡಬೇಕು. ಜ್ವರ ಇದ್ದರೆ ವಾಪಸ್ ಬರುತ್ತೇನೆ. ಅಜೀರ್ಣ ಆದವರಿಗೂ ಅಭ್ಯಂಗ ಬೇಡ ಅಂತ ಆಯುರ್ವೇದವೇ ಹೇಳುತ್ತದೆ.

ಬಾಣಂತಿ ಮನೆಯಲ್ಲಿ ಮಗುವಿನ ಮೂಗಿಗೆ ಎಣ್ಣೆ ಬಿಡಿ ಅಂತಾರಲ್ಲ, ಅದಕ್ಕಂತೂ ನಾನು ಒಪ್ಪುವುದೇ ಇಲ್ಲ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗುತ್ತದೆ. ಕತ್ತಿನ ನೆಟಿಗೆ ತೆಗೆಯುವುದಕ್ಕೂ ಅಷ್ಟೇ. ಕತ್ತು ಥಟ್ಟನೆ ತಿರುಚಿದಾಗ ಮಿದುಳಿಗೆ ಹೋಗುವ ರಕ್ತನಾಳ ಸೀಳಿ ಸ್ಟ್ರೋಕ್ ಆಗಬಹುದು. "ಅಂಗಡಿಯಲ್ಲಿ ಕಟಿಂಗ್ ಆದ್ಮೇಲೆ ತೆಗೀತಾರಲ್ಲ" ಅಂತಾರೆ. ತೆಗೆಯಲಿ, ನಾನು ತೆಗೆಯಲ್ಲ.

ಬೇಡ ಅಂದ ದಿನ ದುಡ್ಡು ಇಲ್ಲ. ಇದನ್ನು ಹೇಳಲೇಬೇಕು. ದಿನಕ್ಕೆ ಮೂರು ಮನೆ ನಂಬಿಕೊಂಡಿರುವವಳಿಗೆ ಒಂದು ಮನೆ ತಪ್ಪಿದರೆ ಬಿಸಿ ಮುಟ್ಟುತ್ತದೆ. "ಇವಳಿಗೆ ಕೆಲಸ ಬರಲ್ಲ, ಸುಮ್ನೆ ಹೆದರಿಸ್ತಾಳೆ" ಅಂತ ಬೇರೆಯವರನ್ನು ಕರೆಸಿದ ಮನೆಗಳೂ ಇವೆ. ಮಸಾಜ್ ಅಂದ ಕೂಡಲೇ ಬೇರೇನೋ ಅರ್ಥ ಮಾಡಿಕೊಂಡು ರಾತ್ರಿ ಹತ್ತರ ಮೇಲೆ ಫೋನ್ ಮಾಡುವ ಗಂಡಸರು ಬೇರೆ. ಮೊದಮೊದಲು ಅಳು ಬರುತ್ತಿತ್ತು. ಈಗ ನಂಬರ್ ಬ್ಲಾಕ್ ಮಾಡುತ್ತೇನೆ. ಮನೆಗೆ ಹೋಗಿ ಮಾಡುವುದು ಹೆಂಗಸರಿಗೆ ಮಾತ್ರ, ಅದೂ ಗೊತ್ತಿರುವವರು ಹೇಳಿ ಕಳಿಸಿದರೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗಿಯರಿಗೆ ನಾನು ಮೊದಲು ಹೇಳುವುದು ಇದನ್ನೇ, ತಿಕ್ಕುವ ವಿಧಾನವನ್ನಲ್ಲ.

ನನ್ನ ಹೆಬ್ಬೆರಳಿನ ಬುಡವೂ ಸವೆದಿದೆ. ಬೆಳಿಗ್ಗೆ ಬಾಟಲಿ ಮುಚ್ಚಳ ತಿರುಗಿಸಲು ಆಗುವುದಿಲ್ಲ. ಬೆನ್ನಿಗೆ ಈಗ ಮುಂಗೈ, ಮೊಣಕೈಯಿಂದ ಒತ್ತುತ್ತೇನೆ. ಮೈಭಾರ ಬಿಟ್ಟು ಒತ್ತಿದರೆ ಹೆಬ್ಬೆರಳಿಗೆ ಕೆಲಸ ಕಮ್ಮಿ. ಇದನ್ನು ಹತ್ತು ವರ್ಷ ಮುಂಚೆಯೇ ಕಲಿಯಬೇಕಿತ್ತು.

ಆ ಬಾಣಂತಿಗೆ ಕೆಲವು ದಿನ ಇಂಜೆಕ್ಷನ್ ಕೊಟ್ಟರು, ಆಮೇಲೆ ಮೂರು ತಿಂಗಳು ಮಾತ್ರೆ. ಒಂದು ದಿನ ಅತ್ತೆಯವರೇ ಫೋನ್ ಮಾಡಿದರು. "ಡಾಕ್ಟ್ರು ಕಾಲು ಮುಟ್ಟಬೇಡಿ ಅಂದಿದ್ದಾರೆ. ತಲೆಗಾದರೂ ಎಣ್ಣೆ ಹಾಕ್ತೀಯೇನಮ್ಮ?" ಮೆಲ್ಲಗೆ ಹಚ್ಚಬಹುದಾ ಅಂತ ಅದನ್ನೂ ಡಾಕ್ಟರನ್ನು ಕೇಳಿಸಿ ಆಮೇಲೆ ಹೋದೆ. ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತಿದ್ದಳು. ಎರಡೂ ಕಾಲು ಒಂದೇ ಸಮ ಇದ್ದವು. ನೆತ್ತಿಗೆ ಒಂದು ಹಿಡಿ ಕೊಬ್ಬರಿ ಎಣ್ಣೆ ಹಾಕಿ ಮೆಲ್ಲಗೆ ನೀವುತ್ತಿದ್ದರೆ, ಮಗುವಿಗಿಂತ ಮೊದಲು ಅವಳೇ ತೂಕಡಿಸಿದಳು.