ಮುಧೋಳ ನಾಯಿಯೋ, ಬೀಗಲ್ಲೋ? ಮರಿ ತರುವ ಮೊದಲು ನೋಡಬೇಕಾದ್ದು

ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ, ಬೀಗಲ್ ಮೂಗಿನಿಂದ. ಇದಿಷ್ಟು ತಲೆಯಲ್ಲಿದ್ದರೆ ಆರಿಸುವ ಕೆಲಸ ಅರ್ಧ ಮುಗಿದಂತೆ. ಬೇಟೆಗೆ 1972ರ ವನ್ಯಜೀವಿ ಕಾಯ್ದೆ ಅಡ್ಡ ಬಂದಿದೆ ನಿಜ, ಆದರೆ ನಾಯಿಗಳಿಗೆ ಅದನ್ನು ಯಾರೂ ಹೇಳಿಲ್ಲ!

ಧಾರವಾಡದ ನಮ್ಮ ಮನೆಯಲ್ಲಿ ಮುಧೋಳ ಇದೆ. ಬೆಂಗಳೂರಿನ ತಂಗಿಯ ಫ್ಲ್ಯಾಟಿನಲ್ಲಿ ಬೀಗಲ್. ದೊಡ್ಡ ನಾಯಿಗೆ ಬಂಗಲೆ, ಚಿಕ್ಕದಕ್ಕೆ ಫ್ಲ್ಯಾಟು ಅಂತ ಜನ ಲೆಕ್ಕ ಹಾಕುತ್ತಾರೆ. ಮನೆಯೊಳಗಿನ ಮಟ್ಟಿಗೆ ನಾನು ಕಂಡಿದ್ದು ಹೆಚ್ಚುಕಡಿಮೆ ಉಲ್ಟಾ.

ಎರಡಡಿಗಿಂತ ಎತ್ತರ ನಿಲ್ಲುವ ಮುಧೋಳ ಮನೆಯೊಳಗೆ ಇದ್ದದ್ದೇ ಗೊತ್ತಾಗುವುದಿಲ್ಲ. ಬೆಳಿಗ್ಗೆ ಬೇಲಿ ಇರುವ ಜಾಗದಲ್ಲಿ ಬಿಟ್ಟು ಓಡಿಸಿದರೆ ಮಧ್ಯಾಹ್ನದವರೆಗೂ ಮಲಗಿರುತ್ತದೆ. ಹೊರಗಿನವರು ಮುಟ್ಟಲು ಬಂದರೆ ಸುಮ್ನೆ ಪಕ್ಕಕ್ಕೆ ಸರಿಯುತ್ತದೆ. ಬಂದ ನೆಂಟರ ಮೈಮೇಲೆಲ್ಲ ಬೀಳುವ ನಾಯಿ ಬೇಕಿದ್ದರೆ ಇದು ನಿಮಗಲ್ಲ. ಪಕ್ಕೆಲುಬು ಎಣಿಸುವಂತೆ ಕಾಣುವುದು ಈ ತಳಿಯ ಮೈಕಟ್ಟು. ಆದರೂ ದಾರಿಯಲ್ಲಿ ಯಾರಾದರೂ ತಡೆದು, "ಯಾಕ್ರೀ, ನಾಯಿಗೆ ಕೂಳು ಹಾಕಂಗಿಲ್ಲೇನು?" ಅಂತ ಕೇಳುತ್ತಾರೆ.

ಅಪಾಯ ಇರುವುದು ಗೇಟಿನಲ್ಲಿ. ಎದುರು ಬೆಕ್ಕು ಓಡಿತು ಅನ್ನಿ. ಕಿವಿ ಹಿಂದಕ್ಕೆ ಹೋಗುತ್ತದೆ, ಮೈ ಒಂದು ಕ್ಷಣ ಬಿಗಿಯುತ್ತದೆ, ಮುಂದಿನ ಕ್ಷಣಕ್ಕೆ ನಾಯಿ ರಸ್ತೆಯಲ್ಲಿ. ಆಗ ಕೂಗಿ ಏನೂ ಪ್ರಯೋಜನವಿಲ್ಲ. ಇದರ ತಲೆ ಸಣ್ಣದು, ಕುತ್ತಿಗೆ ಹೆಚ್ಚುಕಡಿಮೆ ಅಷ್ಟೇ ದಪ್ಪ. ಮಾಮೂಲಿ ಬೆಲ್ಟಾದರೆ ಹಿಂದಕ್ಕೆ ಜಗ್ಗಿ ಸಲೀಸಾಗಿ ಕಳಚಿಕೊಳ್ಳುತ್ತದೆ. ಎಳೆದಾಗ ಬಿಗಿಯಾಗುವ ಅಗಲದ ಮಾರ್ಟಿಂಗೇಲ್ ಬೆಲ್ಟೇ ಬೇಕು. ಕಾಂಪೌಂಡ್ ಗೋಡೆ ಎದೆಮಟ್ಟ ಇದ್ದರೆ ಸಾಲದು, ಆಳೆತ್ತರ ಇರಲಿ. ಮನೆಯಲ್ಲಿ ಕೋಳಿ, ಮೊಲ ಇದ್ದರೆ ಈ ಯೋಚನೆ ಬಿಡುವುದೇ ಒಳ್ಳೆಯದು.

ಇನ್ನು ಬೀಗಲ್. ಇಂಗ್ಲೆಂಡಿನಲ್ಲಿ ಮೊಲ ಹಿಡಿಯಲು ಗುಂಪಾಗಿ ಓಡುತ್ತಿದ್ದ ನಾಯಿ. ಹಾಗಾಗಿ ಒಂಟಿತನ ಇದಕ್ಕೆ ಆಗಿಬರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಎಂಟಕ್ಕೆ ಆಫೀಸಿಗೆ ಹೋಗಿ ರಾತ್ರಿ ಬರುವ ಮನೆಯಾದರೆ ದಯವಿಟ್ಟು ತರಬೇಡಿ. ಇದು ಬೊಗಳುವುದಷ್ಟೇ ಅಲ್ಲ, ಕತ್ತೆತ್ತಿ ಊಳಿಡುತ್ತದೆ. ಮೂರು ಮಹಡಿ ಕೆಳಗಿನವರಿಗೂ ಕೇಳುತ್ತದೆ. ತಂಗಿಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಬೈಗುಳ ತಪ್ಪಿಲ್ಲ.

ವಾಕಿಂಗ್ ಹೋದರೆ ಮೂಗು ನೆಲಕ್ಕೆ, ಬಾಲದ ಬಿಳಿ ತುದಿ ಮೇಲಕ್ಕೆ. ವಾಸನೆ ಹಿಡಿದ ಮೇಲೆ ಹೆಸರು ಹಿಡಿದು ಕರೆದರೂ ಕಿವಿಗೆ ಬೀಳುವುದಿಲ್ಲ. ದಿನಕ್ಕೆ ಒಂದು ಗಂಟೆಯಾದರೂ ಹೀಗೆ ಮೂಸಲು ಬಿಡಬೇಕು, ದರದರ ಎಳೆದುಕೊಂಡು ಹೋದರೆ ವಾಕಿಂಗ್ ಲೆಕ್ಕಕ್ಕಿಲ್ಲ. ಹೊಟ್ಟೆಬಾಕತನವಂತೂ ಕೇಳಲೇಬೇಡಿ. ಅಕ್ಕಿ ಡಬ್ಬಿಗೂ ಚಿಲಕ ಬೇಕು. ಅಜ್ಜಿ ಪ್ರೀತಿಯಿಂದ ಹಾಕುವ ಚಪಾತಿ ಚೂರುಗಳಿಂದಲೇ ಊದಿಕೊಳ್ಳುತ್ತದೆ. ಜೋಲು ಕಿವಿಯೊಳಗೆ ಸೋಂಕು ಜಾಸ್ತಿ, ವಾರಕ್ಕೊಮ್ಮೆ ಎತ್ತಿ ನೋಡಿ. ಇಷ್ಟೆಲ್ಲ ಇದ್ದರೂ ಮಕ್ಕಳಿರುವ, ಸದಾ ಯಾರಾದರೂ ಇರುವ ಮನೆಗೆ ನಾನು ಬೀಗಲ್ಲನ್ನೇ ಹೇಳುವುದು.

ಬೆಳಿಗ್ಗೆ ಬೇಗ ಏಳುವ, ಅಂಗಳ ಅಥವಾ ಹೊಲ ಇರುವ, ಸದ್ದುಗದ್ದಲ ಆಗದವರಿಗೆ ಮುಧೋಳ ಸರಿ. ಇದರ ಚರ್ಮ ತೆಳು, ಬೇಲಿ ಮುಳ್ಳು ತಾಗಿದರೂ ಹರಿಯುತ್ತದೆ. ಚಳಿಗಾಲದಲ್ಲಿ ಗೋಣಿಚೀಲವಾದರೂ ಹಾಸಿ. ಆಪರೇಷನ್ ಮಾಡಿಸಬೇಕಾದರೆ ಮುಧೋಳ ಎಂದು ಡಾಕ್ಟರಿಗೆ ಮೊದಲೇ ಹೇಳಿ. ಮೈಯಲ್ಲಿ ಕೊಬ್ಬು ಕಡಿಮೆ ಇರುವ ಇಂಥ ನಾಯಿಗಳಿಗೆ ಅರಿವಳಿಕೆ ಕೊಡುವಾಗ ಜಾಗ್ರತೆ ಬೇಕು.

ಮುಧೋಳ ಮರಿ ಬೇಕಿದ್ದರೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿರುವ ಶ್ವಾನ ಸಂಶೋಧನಾ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮರಿಯೇ ಆಗಬೇಕಿಲ್ಲ, ಬೆಳೆದ ಬೀಗಲ್ ಆದರೂ ಪರವಾಗಿಲ್ಲ ಎನ್ನುವವರು ಬೆಂಗಳೂರಿನ ಪ್ರಾಣಿದಯಾ ಸಂಸ್ಥೆ ಕ್ಯೂಪಾವನ್ನು ಕೇಳಿ. ಪ್ರಯೋಗಾಲಯಗಳಿಂದ ಬಿಡುಗಡೆಯಾದ ಬೀಗಲ್‌ಗಳಿಗೆ ಅವರು ಮನೆ ಹುಡುಕಿಕೊಟ್ಟಿದ್ದಾರೆ. ಯಾವುದೇ ಇರಲಿ, ಎಂಟು ವಾರ ತುಂಬದ ಮರಿಯನ್ನು ಮುಟ್ಟಬೇಡಿ. ತಾಯಿಯನ್ನು ತೋರಿಸಲು ಒಪ್ಪದವರ ಹತ್ತಿರ ವ್ಯಾಪಾರವೇ ಬೇಡ.