ಬೀದಿಯಿಂದ ಬಂದ ನಾಯಿಗೆ ಫಾಸ್ಟರ್ ಮನೆಯಾಗುವುದು ಹೇಗೆ?

ಚುಕ್ಕಿ ನಮ್ಮ ಮನೆಗೆ ಬಂದ ದಿನ ಮೊದಲ ಕುಕ್ಕರ್ ಕೂಗಿಗೇ ದಿವಾನದ ಕೆಳಗೆ ಸೇರಿಕೊಂಡಳು. ಮರುದಿನ ರಾತ್ರಿಯವರೆಗೆ ಹೊರಗೆ ಬರಲಿಲ್ಲ. ಒಂದೂವರೆ ವರ್ಷದ ಕಂದು ಬಣ್ಣದ ಬೀದಿ ನಾಯಿ. ಬೈಕ್ ಗುದ್ದಿ ಹಿಂಗಾಲು ಮುರಿದು ಆಪರೇಷನ್ ಆಗಿತ್ತು. ಆರು ವಾರ ಯಾವುದಾದರೂ ಮನೆಯೊಳಗೆ ಇರಬೇಕು ಎಂದು ಡಾಕ್ಟರ್ ಹೇಳಿದ್ದರು. ‘ಆರು ವಾರ ಅಷ್ಟೇ ಅಲ್ವಾ, ಇರಲಿ ಬಿಡು’ ಎಂದರು ನಮ್ಮ ಅತ್ತೆ. ಅವಳು ಇದ್ದದ್ದು ಐದು ತಿಂಗಳು.

ಹೀಗೆ ಕಾಯಂ ಮನೆ ಸಿಗುವವರೆಗೆ ನಾಯಿಯನ್ನು ತಾತ್ಕಾಲಿಕವಾಗಿ ಮನೆಯಲ್ಲಿ ಸಾಕುವುದಕ್ಕೆ ಒಪ್ಪುವ ಕನ್ನಡ ಪದ ಇನ್ನೂ ಹುಟ್ಟಿಲ್ಲ. ನಾಯಿ ಕಾಪಾಡುವವರೆಲ್ಲ ಫಾಸ್ಟರ್ ಎಂದೇ ಹೇಳುತ್ತಾರೆ. ನನಗಂತೂ ಇದು ಬಾಣಂತನದ ಹಾಗೆ ಕಾಣುತ್ತದೆ. ಮಗಳು ಮೂರು ತಿಂಗಳಿಗೆಂದು ಬರುತ್ತಾಳೆ, ಉಣ್ಣಿಸಿ, ಎಣ್ಣೆ ನೀರು ಹಾಕಿ, ಚೇತರಿಸಿಕೊಂಡ ಮೇಲೆ ಅವಳ ಮನೆಗೆ ಕಳಿಸುತ್ತೇವೆ. ಒಂದೇ ವ್ಯತ್ಯಾಸ, ಇಲ್ಲಿ ಆ ಇನ್ನೊಂದು ಮನೆಯನ್ನೂ ನಾವೇ ಹುಡುಕಬೇಕು.

ಹಾಗಂತ ಬೀದಿಯಲ್ಲಿ ಕಂಡ ನಾಯಿಯನ್ನೆಲ್ಲ ಎತ್ತಿಕೊಂಡು ಬರಬೇಕಾಗಿಲ್ಲ. ಗಟ್ಟಿಮುಟ್ಟಾಗಿ, ತನ್ನ ಬೀದಿಯಲ್ಲಿ ನಾಲ್ಕು ಮನೆಯ ಅನ್ನ ತಿಂದುಕೊಂಡಿರುವ ನಾಯಿಗೆ ಅದೇ ಊರು. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳೂ ಬೀದಿ ನಾಯಿಗೆ ಆಪರೇಷನ್ ಮಾಡಿ, ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕೆಂದು ಹೇಳುತ್ತವೆ. ಫಾಸ್ಟರ್ ಬೇಕಾಗಿರುವುದು ಗಾಯಗೊಂಡವಕ್ಕೆ, ತಾಯಿ ಸತ್ತ ಮರಿಗಳಿಗೆ, ದುಡ್ಡು ಕೊಟ್ಟು ತಂದು ಎರಡೇ ವರ್ಷಕ್ಕೆ ರಿಂಗ್ ರೋಡಿನಲ್ಲಿ ಇಳಿಸಿ ಹೋದ ಲ್ಯಾಬ್ರಡಾರ್, ಹಸ್ಕಿಗಳಿಗೆ. ಕಾರ್ತಿಕದಲ್ಲಿ ನಾಯಿಗಳು ಕೂಡುವುದು ಎಲ್ಲರಿಗೂ ಗೊತ್ತು. ಗರ್ಭ ಸುಮಾರು 63 ದಿನ. ಲೆಕ್ಕ ಹಾಕಿ ನೋಡಿ, ಸಂಕ್ರಾಂತಿಯ ಆಸುಪಾಸಿನಲ್ಲಿ ಮೋರಿ ಪಕ್ಕ ಮರಿಗಳ ಕುಂಯ್ ಕುಂಯ್ ಜೋರಾಗುತ್ತದೆ. ಫಾಸ್ಟರ್ ಮನೆಗಳಿಗೆ ಫೋನ್ ಜಾಸ್ತಿ ಬರುವುದೂ ಆಗಲೇ.

1. ‘ಹೂಂ’ ಅನ್ನುವ ಮುಂಚೆ ಕೇಳಿ

ಫೋಟೊ ನೋಡಿ ಕರಗಿ ಒಪ್ಪಿಕೊಳ್ಳಬೇಡಿ. ನಾಯಿಯನ್ನು ಕಾಪಾಡಿದವರನ್ನು ಮೊದಲು ಕೇಳಿ. ಆಸ್ಪತ್ರೆ ಬಿಲ್ ಯಾರದು? ಊಟದ ಖರ್ಚು ಯಾರದು? ರಾತ್ರಿ ಎರಡು ಗಂಟೆಗೆ ವಾಂತಿ ಶುರುವಾದರೆ ಯಾರಿಗೆ ಫೋನ್ ಮಾಡಬೇಕು? ಹೇಳಿದ ದಿನಕ್ಕೆ ಮನೆ ಸಿಗದಿದ್ದರೆ ನಾಯಿ ಎಲ್ಲಿಗೆ ಹೋಗುತ್ತದೆ? ಉತ್ತರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತು ಆ ಕ್ಷಣಕ್ಕೆ ಚೆನ್ನಾಗಿರುತ್ತದೆ, ಮೂರನೇ ತಿಂಗಳಿಗೆ ಯಾರಿಗೂ ನೆನಪಿರುವುದಿಲ್ಲ.

ಆಮೇಲೆ ನಿಮ್ಮ ಮನೆಯವರನ್ನು ಕೇಳಿ. ಒಬ್ಬರಿಗೆ ಇಷ್ಟವಿಲ್ಲದಿದ್ದರೂ ನಾಯಿಗೆ ಅದು ಗೊತ್ತಾಗುತ್ತದೆ. ಅಪಾರ್ಟ್‌ಮೆಂಟ್ ಸಂಘ ನಾಯಿ ಸಾಕಲೇಬಾರದು ಎಂದು ನಿಯಮ ಮಾಡುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸ್ಪಷ್ಟಪಡಿಸಿದೆ. ಆದರೆ ಬಾಡಿಗೆ ಮನೆಯಾದರೆ ಓನರ್ ಜೊತೆ ಮಾತಾಡಿಯೇ ತನ್ನಿ. ನಾನು ‘ಸ್ವಲ್ಪ ದಿನ ಅಷ್ಟೇ’ ಎಂದುಕೊಂಡು ಹೇಳದೇ ತಂದೆ. ಮೂರನೇ ದಿನ ಕೆಳಗಿನ ಮನೆಯಿಂದ ಓನರ್ ಆಂಟಿ ಬಂದು, ‘ಏನಮ್ಮಾ, ರಾತ್ರಿ ಮಗು ಅಳ್ತಿತ್ತಾ?’ ಎಂದು ಕೇಳಿದಾಗ ಮುಖ ಎಲ್ಲಿಡುವುದೋ ತಿಳಿಯಲಿಲ್ಲ.

2. ಮನೆಯಲ್ಲಿ ಒಂದು ಮೂಲೆ

ಇಡೀ ಮನೆಯನ್ನು ಮೊದಲ ದಿನವೇ ಬಿಟ್ಟುಕೊಡಬೇಡಿ. ಒಂದು ರೂಮು, ಅದೂ ಇಲ್ಲದಿದ್ದರೆ ಒಂದು ಮೂಲೆ ಸಾಕು. ಹಳೆ ಬೆಡ್‌ಶೀಟ್, ನೀರಿನ ಬಟ್ಟಲು, ಊಟದ ತಟ್ಟೆ, ಕುತ್ತಿಗೆ ಪಟ್ಟಿ, ಎದೆಗೆ ಹಾಕುವ ಹಾರ್ನೆಸ್, ಗಟ್ಟಿ ಹಗ್ಗ, ಹಳೆ ಪತ್ರಿಕೆಗಳು. ಈ ಪುರವಣಿಯೂ ಆಗಬಹುದು, ಓದಿ ಮುಗಿಸಿದ ಮೇಲೆ. ವೈರು, ಚಪ್ಪಲಿ, ಇಲಿ ಪಾಷಾಣ ಎತ್ತಿಡಿ. ಬಾಲ್ಕನಿಯ ಕಂಬಿಗಳ ನಡುವೆ ಮರಿ ತೂರುವಷ್ಟು ಸಂದಿ ಇದೆಯಾ ನೋಡಿ.

ನಿಮ್ಮ ಮನೆಯಲ್ಲಿ ಈಗಾಗಲೇ ನಾಯಿ ಇದ್ದರೆ ಅದರ ಲಸಿಕೆ ಪೂರ್ತಿ ಆಗಿರಲೇಬೇಕು. ಹೊಸದನ್ನು ಎರಡು ವಾರ ಬೇರೆ ಇಡಿ. ಕಾರಣ ಪಾರ್ವೊ. ಮರಿಗಳನ್ನು ನಾಲ್ಕೈದು ದಿನದಲ್ಲಿ ಕೊಲ್ಲಬಲ್ಲ ಈ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ನಾವು ದಿನಾ ನೆಲ ಒರೆಸುವ ಫಿನಾಯಿಲ್‌ಗೆ ಇದು ಜಗ್ಗುವುದಿಲ್ಲ. 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ನೆಲದ ಮೇಲೆ 10 ನಿಮಿಷ ಬಿಟ್ಟು ತೊಳೆಯಬೇಕು. ಹಿಂದೆ ಪಾರ್ವೊ ಮರಿ ಇದ್ದ ಮನೆಗೆ ಲಸಿಕೆ ಆಗದ ಇನ್ನೊಂದು ಮರಿ ತರುವುದು ಬೇಡವೇ ಬೇಡ.

ಎರಡು ವಾರ ಕಳೆದ ಮೇಲೆ ಎರಡು ನಾಯಿಗಳ ಭೇಟಿ ಮನೆಯೊಳಗೆ ಬೇಡ, ರಸ್ತೆಯಲ್ಲಿ ಆಗಲಿ. ಇಬ್ಬರು ಎರಡು ಹಗ್ಗ ಹಿಡಿದು, ದೂರ ದೂರ ಒಂದೇ ದಿಕ್ಕಿಗೆ ನಡೆದು, ನಿಧಾನಕ್ಕೆ ಹತ್ತಿರ ಬನ್ನಿ.

3. ಮೊದಲ ಮೂರು ದಿನ ಏನೂ ಮಾಡಬೇಡಿ

ಇದೇ ಅತಿ ಕಷ್ಟದ ಹಂತ. ಸ್ನಾನ ಬೇಡ, ನೆಂಟರು ಬೇಡ, ಸೆಲ್ಫಿ ಬೇಡ, ‘ಬಾ ಬಾ’ ಎಂದು ಕರೆಯುವುದೂ ಬೇಡ. ಊಟ, ನೀರು ಇಟ್ಟು ಸುಮ್ನೆ ಇದ್ದುಬಿಡಿ. ನಾಯಿ ಕಾಪಾಡುವವರು ‘ಮೂರು-ಮೂರು-ಮೂರು’ ಎಂದು ಒಂದು ಲೆಕ್ಕ ಹೇಳುತ್ತಾರೆ. ಹೆದರಿಕೆ ಇಳಿಯಲು ಮೂರು ದಿನ, ಮನೆಯ ಕ್ರಮ ತಿಳಿಯಲು ಮೂರು ವಾರ, ಇದು ನನ್ನ ಮನೆ ಅನ್ನಿಸಲು ಮೂರು ತಿಂಗಳು. ಶಾಸ್ತ್ರವಲ್ಲ, ಅಂದಾಜು. ಆದರೆ ಮೂರನೇ ದಿನವೇ ‘ಇದು ಮಂಕು ನಾಯಿ’ ಎಂದು ತೀರ್ಪು ಕೊಡುವುದನ್ನು ಈ ಲೆಕ್ಕ ತಪ್ಪಿಸುತ್ತದೆ.

ಚುಕ್ಕಿ ದಿವಾನದ ಕೆಳಗಿದ್ದಾಗ ನಾನು ಅದೇ ರೂಮಿನಲ್ಲಿ ನೆಲದ ಮೇಲೆ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಅವಳ ಕಡೆ ಬೆನ್ನು. ಎರಡನೇ ರಾತ್ರಿ ಲೈಟು ಆರಿಸಿದ ಮೇಲೆ ನೀರು ಕುಡಿಯುವ ಲಪಲಪ ಸದ್ದು ಕೇಳಿತು. ಯಾರೂ ಅಲುಗಾಡಲಿಲ್ಲ. ಬೆಳಿಗ್ಗೆ ಎದ್ದರೆ ನಮ್ಮ ಯಜಮಾನರ ಒಂದು ಚಪ್ಪಲಿ ದಿವಾನದ ಕೆಳಗೆ ಸೇರಿತ್ತು. ಕಚ್ಚಿರಲಿಲ್ಲ, ಅದರ ಮೇಲೆ ಗಲ್ಲ ಇಟ್ಟು ಮಲಗಿದ್ದಳು.

ಈ ದಿನಗಳಲ್ಲಿ ದೊಡ್ಡ ಅಪಾಯ ಬಾಗಿಲು. ಗ್ಯಾಸ್ ಸಿಲಿಂಡರ್ ಬಂದಾಗ ನಾನೇ ಗೇಟು ತೆರೆದಿಟ್ಟೆ, ತಪ್ಪು ನನ್ನದೇ. ಕುಂಟು ಕಾಲಿನಲ್ಲೇ ಚುಕ್ಕಿ ಎರಡು ಕ್ರಾಸ್ ಓಡಿದಳು. ನಾವು ಅಟ್ಟಿಸಿಕೊಂಡು ಹೋದಷ್ಟೂ ಅವಳು ಮುಂದೆ. ಕೊನೆಗೆ ನಿಂತಿದ್ದ ಆಟೊ ಕೆಳಗೆ ಸಿಕ್ಕಳು. ಓಡುವ ನಾಯಿಯ ಹಿಂದೆ ಓಡಬಾರದು. ನೆಲಕ್ಕೆ ಕೂತು, ಮುಖ ಬೇರೆ ಕಡೆ ತಿರುಗಿಸಿ, ಬಿಸ್ಕತ್ತಿನ ಕವರ್ ಸದ್ದು ಮಾಡಬೇಕು. ಅಂದಿನಿಂದ ಹೊರಗೆ ಹೋಗುವಾಗ ಕುತ್ತಿಗೆ ಪಟ್ಟಿಗೊಂದು, ಹಾರ್ನೆಸ್‌ಗೊಂದು, ಎರಡು ಹಗ್ಗ. ದೀಪಾವಳಿ ವಾರದಲ್ಲಿ ಹೊಸ ನಾಯಿಯನ್ನು ಕತ್ತಲಾದ ಮೇಲೆ ಹೊರಗೆ ಕರೆದೊಯ್ಯಲೇಬೇಡಿ.

4. ಊಟ, ಔಷಧಿ

ಮೊದಲ ವಾರ ಅದು ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ, ಬದಲಾವಣೆ ನಿಧಾನಕ್ಕಿರಲಿ. ಉಪ್ಪು, ಖಾರ ಇಲ್ಲದೆ ಬೇಯಿಸಿದ ಕೋಳಿ ಮತ್ತು ಅನ್ನ, ಸಿಹಿಗುಂಬಳ, ಮೊಟ್ಟೆ, ಮೊಸರನ್ನ ನಡೆಯುತ್ತದೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ವಿಷ. ಹಾಗಾಗಿ ಉಳಿದ ಸಾಂಬಾರು, ಪಾಯಸ ಎರಡೂ ಬೇಡ. ಬೇಯಿಸಿದ ಕೋಳಿ ಮೂಳೆ ಚೂಪಾಗಿ ಒಡೆದು ಕರುಳಿಗೆ ಚುಚ್ಚುತ್ತದೆ. ಹಾಲು ಬಹಳಷ್ಟು ನಾಯಿಗಳಿಗೆ ಭೇದಿ ತರಿಸುತ್ತದೆ. ಜ್ವರ ಅಂತ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ಮಾತ್ರೆ ಮುರಿದು ಹಾಕಬೇಡಿ, ಪ್ರಾಣಕ್ಕೇ ಅಪಾಯ.

ಬಂದ ಎರಡು ಮೂರು ದಿನದೊಳಗೆ ಡಾಕ್ಟರ್ ಹತ್ತಿರ ಒಂದು ಭೇಟಿ. ಮರಿಯಾದರೆ ಪಾರ್ವೊ, ಡಿಸ್ಟೆಂಪರ್ ಎಲ್ಲ ಸೇರಿದ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ 3-4 ವಾರಕ್ಕೊಮ್ಮೆ, 16 ವಾರದವರೆಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಜಂತುಹುಳದ ಔಷಧಿ ಮೂರು ತಿಂಗಳವರೆಗೆ ಎರಡು ವಾರಕ್ಕೊಮ್ಮೆ. ದೊಡ್ಡ ನಾಯಿಯಾದರೆ ನಮ್ಮ ಕಡೆ ಮುಖ್ಯ ಶತ್ರು ಉಣ್ಣೆ ಕಚ್ಚಿ ಬರುವ ಟಿಕ್ ಫೀವರ್. ದಿನಾ ರಾತ್ರಿ ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣೆ ಇದೆಯಾ ಕೈಯಾಡಿಸಿ. ಊಟ ಬಿಟ್ಟರೆ, ವಸಡು ಬಿಳಿಚಿಕೊಂಡರೆ, ಮೂಗಲ್ಲಿ ರಕ್ತ ಬಂದರೆ ನಾಳೆ ನೋಡೋಣ ಎನ್ನಬೇಡಿ. ಔಷಧಿ ಶುರು ಮಾಡಿದರೆ ಹೆಚ್ಚಾಗಿ ನಾಲ್ಕು ವಾರ ಇರುತ್ತದೆ. ಐದನೇ ದಿನಕ್ಕೆ ಗೆಲುವಾಯಿತೆಂದು ನಿಲ್ಲಿಸಿಬಿಡುವವರೇ ಜಾಸ್ತಿ.

ನಿಮ್ಮ ಬಗ್ಗೆಯೂ ಒಂದು ಮಾತು. ನಾಯಿಗಳ ಜೊತೆ ಪದೇ ಪದೇ ಕೆಲಸ ಮಾಡುವುದಾದರೆ ಮುಂಚೆಯೇ ರೇಬಿಸ್ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಕಚ್ಚಿದರೆ, ಹಲ್ಲು ತಗುಲಿದರೂ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ.

5. ಒಂದು ನೋಟ್‌ಬುಕ್ ಇಡಿ, ನಿಜ ಬರೆಯಿರಿ

ಅಕ್ಕಪಕ್ಕದವರು ನೋಡುವುದು ನಾಯಿಯ ಮುದ್ದು ಮುಖ. ದತ್ತು ಪಡೆಯುವ ಮನೆಯವರಿಗೆ ಬೇಕಾಗಿರುವುದು ಅದರ ದಿನಚರಿ. ಎಷ್ಟು ಗಂಟೆಗೆ ಹೊರಗೆ ಹೋಗಬೇಕು? ಮೆಟ್ಟಿಲು ಹತ್ತುತ್ತದಾ? ಪೊರಕೆ ಎತ್ತಿದರೆ ಹೆದರುತ್ತದಾ? ಮಕ್ಕಳು ಓಡಿದರೆ ಏನು ಮಾಡುತ್ತದೆ? ಊಟದ ತಟ್ಟೆ ಹತ್ತಿರ ಕೈ ಬಂದರೆ ಗುರ್ ಎನ್ನುತ್ತದಾ? ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ? ಇದನ್ನೆಲ್ಲ ಹೇಳಬಲ್ಲವರು ಫಾಸ್ಟರ್ ಮಾಡಿದವರು ಮಾತ್ರ. ಆಸ್ಪತ್ರೆಯ ಗೂಡಿನಲ್ಲಿದ್ದ ನಾಯಿಯ ಬಗ್ಗೆ ಇದು ಯಾರಿಗೂ ಗೊತ್ತಿರುವುದಿಲ್ಲ.

ಈ ಪಾಠ ನನಗೆ ಸುಲಭವಾಗಿ ಬರಲಿಲ್ಲ. ಚುಕ್ಕಿಯನ್ನು ಒಂಟಿ ಬಿಟ್ಟರೆ ಹತ್ತು ನಿಮಿಷಕ್ಕೆ ಊಳಿಡುತ್ತಿದ್ದಳು. ಹೇಳಿದರೆ ಯಾರೂ ಕರೆದುಕೊಂಡು ಹೋಗುವುದಿಲ್ಲ ಎಂದು ಮೊದಲು ಬಂದ ಮನೆಯವರಿಗೆ ನಾನು ಹೇಳಲಿಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಒಂಬತ್ತಕ್ಕೆ ಆಫೀಸಿಗೆ ಹೋಗುವವರು. ನಾಲ್ಕೇ ದಿನ. ಐದನೇ ದಿನ ಅವರು ಚುಕ್ಕಿಯನ್ನು ವಾಪಸ್ ತಂದಾಗ ಮುಂಗಾಲಿನ ಉಗುರು ಕಿತ್ತು ರಕ್ತ ಬಂದಿತ್ತು, ಬಾಗಿಲು ಕೆರೆದೂ ಕೆರೆದೂ. ಆ ಹುಡುಗಿ ಅಳುತ್ತಿದ್ದಳು. ‘ಮೊದಲೇ ಹೇಳಿದ್ದರೆ ಏನಾದರೂ ಮಾಡುತ್ತಿದ್ದೆವು ಅಕ್ಕಾ’ ಎಂದಳು. ಅವಳ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಬರೆಯಲು ಶುರು ಮಾಡಿದೆ. ಬರೆದರೆ ಏನು ಸರಿಮಾಡಬೇಕು ಅನ್ನುವುದೂ ಕಾಣುತ್ತದೆ. ಒಂಟಿತನಕ್ಕೆ: ಚಪ್ಪಲಿ ಹಾಕಿಕೊಂಡು ಬಾಗಿಲವರೆಗೆ ಹೋಗಿ ವಾಪಸ್, ಒಂದು ನಿಮಿಷ ಹೊರಗೆ, ಎರಡು ನಿಮಿಷ, ಐದು. ಎರಡು ತಿಂಗಳಲ್ಲಿ ಮೂರು ಗಂಟೆಯವರೆಗೆ ಬಂದೆವು. ಕುಕ್ಕರ್‌ಗೆ: ಒಂದೊಂದು ಕೂಗಿಗೂ ಒಂದೊಂದು ಚೂರು ಬೇಯಿಸಿದ ಮೊಟ್ಟೆ. ಮೊದಲು ಬೇರೆ ರೂಮಿನಲ್ಲಿ ಬಾಗಿಲು ಹಾಕಿಕೊಂಡು, ಆಮೇಲೆ ಹಾಲ್‌ನಲ್ಲಿ, ಆಮೇಲೆ ಅಡುಗೆಮನೆಯ ಹೊಸ್ತಿಲಲ್ಲಿ. ಮೊಟ್ಟೆ ಸೇರದ ನಮ್ಮ ಅತ್ತೆ ಪನೀರ್ ಚೂರು ಇಟ್ಟುಕೊಳ್ಳುತ್ತಿದ್ದರು.

6. ಮನೆ ಹುಡುಕುವುದು

ಫೋಟೊ ಬೆಳಕಿನಲ್ಲಿ, ನಾಯಿಯ ಕಣ್ಣಿನ ಮಟ್ಟಕ್ಕೆ ಕೂತು ತೆಗೆಯಿರಿ. ಕಪ್ಪು ನಾಯಿಯಾದರೆ ಬಿಸಿಲು ಏರುವ ಮುಂಚೆ, ತಿಳಿ ಬಣ್ಣದ ಗೋಡೆ ಹಿಂದಿರಲಿ. ನಡೆಯುವ, ತಿನ್ನುವ ಅರ್ಧ ನಿಮಿಷದ ವಿಡಿಯೊ ಹತ್ತು ಫೋಟೊಗೆ ಸಮ. ಬರಹದಲ್ಲಿ ‘ಪಾಪದ ಜೀವ, ಯಾರಾದರೂ ಕಾಪಾಡಿ’ ಬೇಡ. ವಯಸ್ಸು, ಲಸಿಕೆ, ಗುಣ, ಅದಕ್ಕೆ ಎಂಥ ಮನೆ ಬೇಕು, ಅಷ್ಟು ಸಾಕು. ಕನಿಕರದಿಂದ ಒಯ್ದವರು ಕನಿಕರ ಮುಗಿದ ಮೇಲೆ ಫೋನ್ ಮಾಡುತ್ತಾರೆ.

ಬರುವ ಕರೆಗಳಲ್ಲಿ ಮೊದಲ ಪ್ರಶ್ನೆ ‘ಗಂಡಾ, ಹೆಣ್ಣಾ?’ ಹೆಣ್ಣು ಎಂದೊಡನೆ ಇಟ್ಟುಬಿಡುವವರು ಎಷ್ಟೋ ಮಂದಿ. ಸಂತಾನಹರಣ ಆಪರೇಷನ್ ಆಗಿದೆ ಎಂದು ಹೇಳುವಷ್ಟೂ ಪುರುಸೊತ್ತು ಕೊಡುವುದಿಲ್ಲ. ಎರಡನೇ ಬಗೆ ‘ತೋಟದ ಕಾವಲಿಗೆ ಬೇಕಿತ್ತು’. ತೋಟವೆಲ್ಲ ಕೆಟ್ಟದ್ದಲ್ಲ, ಆದರೆ ಹಗಲಿಡೀ ಕಟ್ಟಿಹಾಕುತ್ತೀರಾ, ರಾತ್ರಿ ಎಲ್ಲಿ ಮಲಗುತ್ತದೆ ಎಂದು ಕೇಳಿ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ: ‘ಮುಂಚೆ ಸಾಕಿದ ನಾಯಿ ಏನಾಯ್ತು?’ ಹದಿಮೂರು ವರ್ಷ ಬಾಳಿ ಸತ್ತಿತು ಎಂದು ಗಂಟಲು ಕಟ್ಟಿ ಹೇಳುವವರಿದ್ದಾರೆ. ‘ಊರಲ್ಲಿ ಯಾರಿಗೋ ಕೊಟ್ವಿ’ ಎಂದು ಮಾತು ಹಾರಿಸುವವರೂ ಇದ್ದಾರೆ. ಊರಿಗೆ ಹೋದಾಗ, ಮಗು ಹುಟ್ಟಿದಾಗ, ಮನೆ ಬದಲಿಸಿದಾಗ ನಾಯಿ ಎಲ್ಲಿ ಎಂದೂ ಕೇಳಿ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಮರಿಯನ್ನು ಎಂಟು ವಾರ ತುಂಬುವ ಮುಂಚೆ ಯಾರಿಗೂ ಕೊಡಬೇಡಿ.

‘ನಾವೇ ಇಟ್ಟುಕೊಂಡುಬಿಡೋಣ’ ಅನ್ನಿಸುವುದು ಸಹಜ. ಇದಕ್ಕೆ ‘ಫಾಸ್ಟರ್ ಫೇಲ್’ ಎಂದು ತಮಾಷೆಗೆ ಹೇಳುತ್ತಾರೆ. ತಪ್ಪೇನಿಲ್ಲ, ಆದರೆ ಇಟ್ಟುಕೊಂಡರೆ ಮುಂದಿನ ನಾಯಿಗೆ ನಿಮ್ಮ ಮನೆಯ ಆ ಮೂಲೆ ಖಾಲಿ ಇರುವುದಿಲ್ಲ.

7. ಕಳಿಸುವ ದಿನ

ನಾಯಿಯನ್ನು ಗೇಟಿನಲ್ಲಿ ಕೊಟ್ಟು ಕಳಿಸಬೇಡಿ, ನೀವೇ ಅವರ ಮನೆವರೆಗೂ ಹೋಗಿ. ಬಾಲ್ಕನಿ, ಗೇಟು, ಮಲಗುವ ಜಾಗ ನೋಡಿ. ದತ್ತು ಪತ್ರಕ್ಕೆ ಸಹಿ ಮಾಡಿಸಿ. ‘ಸಾಕಲು ಆಗದಿದ್ದರೆ ನಮಗೇ ವಾಪಸ್ ಕೊಡಬೇಕು’ ಅನ್ನುವ ಸಾಲು ಅದರಲ್ಲಿ ಇರಲೇಬೇಕು. ಲಸಿಕೆ ಕಾರ್ಡು, ನೋಟ್‌ಬುಕ್, ಒಂದು ವಾರದ ಊಟ, ಒಗೆಯದ ಬೆಡ್‌ಶೀಟ್ ಕೊಡಿ. ಒಗೆದರೆ ವಾಸನೆ ಹೋಗುತ್ತದೆ, ಹೊಸ ಮನೆಯಲ್ಲಿ ಅದಕ್ಕೆ ಗೊತ್ತಿರುವುದು ಆ ವಾಸನೆ ಒಂದೇ. ಆಮೇಲೆ ಮೂರನೇ ದಿನ, ಮೂರನೇ ವಾರ, ಮೂರನೇ ತಿಂಗಳು ಒಂದೊಂದು ಫೋನ್.

ಚುಕ್ಕಿ ಹೋದದ್ದು ಮೈಸೂರಿನ ನಿವೃತ್ತ ದಂಪತಿಯ ಮನೆಗೆ. ಮನೆಯಲ್ಲಿ ಸದಾ ಯಾರಾದರೊಬ್ಬರು ಇರುತ್ತಾರೆ. ಮೂರನೇ ದಿನ ನಾನು ಫೋನ್ ಮಾಡುವ ಮುಂಚೆಯೇ ಆ ಮನೆಯ ಅಮ್ಮನ ಕರೆ ಬಂತು. ಎದೆ ಧಸಕ್ಕೆಂದಿತು.

‘ಏನಿಲ್ಲಮ್ಮಾ, ಚೆನ್ನಾಗಿದ್ದಾಳೆ. ಒಂದೇ ಒಂದು ಕೇಳಬೇಕಿತ್ತು. ಕುಕ್ಕರ್ ಕೂಗಿದರೆ ಸಾಕು, ಎಲ್ಲಿದ್ದರೂ ಓಡಿ ಬಂದು ಅಡುಗೆಮನೆ ಹೊಸ್ತಿಲಲ್ಲಿ ಕೂತು ನನ್ನ ಮುಖ ನೋಡ್ತಾಳೆ. ಯಾಕೆ?’

‘ನೋಟ್‌ಬುಕ್‌ನ ಏಳನೇ ಪುಟ ನೋಡಿ’ ಎಂದೆ. ‘ಮೊಟ್ಟೆ ತಿನ್ನಲ್ಲ ಅಂದರೆ ಪನೀರೂ ಆಗುತ್ತೆ.’